ಹಾಟ್ ರಾಡ್ ಕಟ್ಟಿಸೋಕೆ ಶಾಪ್‌ಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಅಮೆರಿಕದ ಮಿಶಿಗನ್ ಕಡೆ ಇರುವ ನಮ್ಮವರಲ್ಲಿ ಹಾಟ್ ರಾಡ್, ಅಂದರೆ ಹಳೇ ಕಾರಿಗೆ ಜಾಸ್ತಿ ಶಕ್ತಿಯ ಎಂಜಿನ್ ಕೂರಿಸಿ ಮತ್ತೆ ಕಟ್ಟಿದ ಗಾಡಿಯ ಹುಚ್ಚು ಹತ್ತಿದವರು ಇದ್ದಾರೆ. ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್ ಅನ್ನುವ ಹಳೇ ಕಾರುಗಳ ಮೆರವಣಿಗೆ ನೋಡೋಕೆ ಹೋಗುತ್ತಾರೆ, ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಗುಡುಗುತ್ತಾ ಸಾಗುವ ಗಾಡಿಗಳನ್ನು ನೋಡುತ್ತಾರೆ, ಮನೆಗೆ ಬಂದವರೇ ಮಾರಾಟದ ಜಾಹೀರಾತು ಹುಡುಕುತ್ತಾ ಕೂರುತ್ತಾರೆ. ನಾನೂ ಅದೇ ಗುಂಪಿನವನು. ಹುಚ್ಚಿನ ಬಗ್ಗೆ ನನ್ನ ತಕರಾರಿಲ್ಲ. "ಗಾಡಿ ತಂದು ಬಿಡಿ, ಅಡ್ವಾನ್ಸ್ ಕೊಡಿ, ಮುಂದಿನ ಬೇಸಿಗೆಗೆ ಓಡಿಸಬಹುದು" ಅನ್ನುವ ಶಾಪ್‌ಗಳ ಬಗ್ಗೆ ಮಾತ್ರ ತಕರಾರು.

ನನ್ನದು 1930ರ ಫೋರ್ಡ್ ಮಾಡೆಲ್ ಎ, ಎರಡು ಬಾಗಿಲಿನ ಕೂಪೆ. ಫೋರ್ಡ್ ಈ ಮಾಡೆಲ್‌ನ 48 ಲಕ್ಷಕ್ಕೂ ಜಾಸ್ತಿ ಗಾಡಿ ಮಾಡಿತ್ತು, ಹಾಗಾಗಿ ಇವತ್ತಿಗೂ ಬಾಡಿ, ಬಿಡಿಭಾಗ ಎಲ್ಲಾ ಸಿಗುತ್ತವೆ, ಹಾಟ್ ರಾಡ್‌ನವರು ಮುಗಿಬೀಳುವ 1932ರ ಫೋರ್ಡ್‌ನಷ್ಟು ದುಬಾರಿಯೂ ಅಲ್ಲ. ಬಾಡಿ ಮತ್ತು ಫ್ರೇಮ್ ಒಬ್ಬರ ಕೊಟ್ಟಿಗೆಯಿಂದ ತಂದೆ. ಎಂಜಿನ್ ಬೇರೆ ಕಡೆ ಕೊಂಡೆ, ಷೆವರ್ಲೆ (ಷೆವಿ) ಕಂಪನಿಯ ಎಂಟು ಸಿಲಿಂಡರ್‌ನ ವಿ8, 350 ಘನ ಇಂಚಿನದು. ಅದನ್ನು ಆಗಲೇ ಬಿಚ್ಚಿ ಹೊಸ ಪಿಸ್ಟನ್, ರಿಂಗ್ ಹಾಕಿ ಕೂಡಿಸಿದ್ದರು. ಶಾಪ್ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡೆ. ಕೊಟ್ಟ ಪ್ರತಿ ಡಾಲರ್‌ಗೂ ರಸೀದಿ ಇತ್ತು. ಇಷ್ಟೆಲ್ಲಾ ಇದ್ದೂ ಆದದ್ದು ಇದು.

ಮೊದಲ ಬಿಲ್‌ಗಳು ಸರಿಯಾಗಿಯೇ ಕಂಡವು. ಮರಳು ಹೊಡೆದು ತುಕ್ಕು ತೆಗೆಸಿದ್ದು, ಪ್ರೈಮರ್, ಬಾಗಿಲ ಕೆಳಗಿನ ಕೊಳೆತ ತಗಡು ಕತ್ತರಿಸಿ ಹೊಸ ತಗಡು ಬೆಸೆದಿದ್ದು. ಜೊತೆಗೆ ಫೋಟೋನೂ ಕಳಿಸುತ್ತಿದ್ದರು. ಒಂದು ಸಂಜೆ ಫೋಟೋ ನೋಡುತ್ತಾ ನನ್ನ ಹೆಂಡತಿ ಕೇಳಿದಳು, "ರೀ, ಬಾಗಿಲಲ್ಲಿ ಮೂರು ತೂತು ಇದ್ದವಲ್ಲ, ಎಲ್ಲಿ ಹೋದವು?" ಹಿಂದಿನ ಮಾಲೀಕ ಯಾರೋ ಕನ್ನಡಿ ಕೂರಿಸೋಕೆ ಕೊರೆದ ತೂತುಗಳು ಅವು. ಮುಚ್ಚಿದ್ದಾರೆ ಅಂತ ಸಮಾಧಾನ ಮಾಡಿಕೊಂಡು ಮರುದಿನ ಶಾಪ್‌ಗೆ ಹೋದರೆ, ನನ್ನ ಬಾಗಿಲು ಮೂಲೆಯಲ್ಲಿ ಒರಗಿಕೊಂಡು ನಿಂತಿದೆ, ಮೂರೂ ತೂತು ಹಾಗೇ ಇವೆ! ಫೋಟೋದಲ್ಲಿದ್ದದ್ದು ಬೇರೆಯವರ ಗಾಡಿ. ನನ್ನ ದುಡ್ಡಿನಲ್ಲಿ ಮುಂಚಿನ ಗಿರಾಕಿಯ ಕೆಲಸ ಮುಗಿಸುವುದು, ನನ್ನ ಕೆಲಸಕ್ಕೆ ಮುಂದಿನ ಗಿರಾಕಿಯ ಅಡ್ವಾನ್ಸ್‌ಗೆ ಕಾಯುವುದು, ಹೀಗೆ ನಡೆದಿತ್ತು ಅವರ ವ್ಯವಹಾರ. ಒಂದು ಕಡೆ ದುಡ್ಡು ಬರೋದು ನಿಂತರೆ ಸಾಕು, ಸಾಲಾಗಿ ಎಲ್ಲರ ಗಾಡಿಯೂ ನಿಲ್ಲುತ್ತದೆ.

ಗಾಡಿ ವಾಪಸ್ ಕೊಡಿ ಅಂದೆ. ಬಾಕಿ ಬಿಲ್ ಮತ್ತು ನಿಲ್ಲಿಸಿಕೊಂಡದ್ದಕ್ಕೆ ಬಾಡಿಗೆ ಕೊಟ್ಟು ತಗೊಂಡು ಹೋಗಿ ಅಂದರು. ಸುಮ್ನೆ ಬೆದರಿಕೆ ಅಂದುಕೊಳ್ಳಬೇಡಿ. ಬಾಕಿ ಇದ್ದರೆ ಗಾಡಿ ತಡೆಹಿಡಿಯುವ ಹಕ್ಕು ಗ್ಯಾರೇಜಿನವರಿಗೆ ಇಲ್ಲಿನ ಕಾನೂನಿನಲ್ಲೇ ಇದೆ. ವಕೀಲರ ಪತ್ರ, ಒಂದಷ್ಟು ಜಗಳ, ಮತ್ತಷ್ಟು ದುಡ್ಡು, ಅಂತೂ ಗಾಡಿ ಮನೆಗೆ ಬಂತು. ಬೀದಿಯ ಆ ತುದಿಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಅವರ ಬಳಿಯೂ ಎರಡು ಹಾಟ್ ರಾಡ್ ಇವೆ. ಬಂದವರು ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ಎಡ ಬಾಗಿಲ ಕೆಳಗೆ ಇಟ್ಟರು. ಹಿಡಿಯಲಿಲ್ಲ, ಕೆಳಗೆ ಬಿತ್ತು. ಹೊಸ ತಗಡಿಗೆ ಅಂತ ಗಂಟೆಗಟ್ಟಲೆ ಬಿಲ್ ಹಾಕಿದ್ದ ಜಾಗದಲ್ಲಿ ಬೆರಳು ದಪ್ಪ ಪುಟ್ಟಿ ಮೆತ್ತಿದ್ದರು.

ಆಮೇಲೆ ಅವರು ಎಂಜಿನ್ ಹಿಂಭಾಗದ ಎಣ್ಣೆ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ ಫೋನಿನ ಟಾರ್ಚ್ ಹಾಕಿದರು. ಗೇರ್‌ಬಾಕ್ಸ್ ಕೂರುವ ಅಂಚಿನ ಹತ್ತಿರ, ಡ್ರೈವರ್ ಕಡೆ, ಎರಕದಲ್ಲೇ ಬಂದಿರುವ ನಂಬರ್ ಇರುತ್ತದೆ. ಆ ನಂಬರ್ 350ರದ್ದಲ್ಲ, 305ರದ್ದು. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ, ಆದರೆ 305ರ ಸಿಲಿಂಡರ್ ಸಣ್ಣದು, ಶಕ್ತಿ ಕಮ್ಮಿ, ಬೆಲೆಯೂ ಕಮ್ಮಿ. ನನ್ನ ಎಂಜಿನ್ ಈಗ ಯಾರ ಗಾಡಿಯಲ್ಲಿದೆಯೋ! ಎಂಜಿನ್ ಬಿಟ್ಟು ಬರುವಾಗ ಈ ನಂಬರ್‌ನ ಫೋಟೋ ತೆಗೆದು, ಅವರ ರಸೀದಿಯಲ್ಲೂ ಬರೆಸಿ. ನನ್ನ ರಸೀದಿಯಲ್ಲಿ ಇದ್ದದ್ದು "ಒಂದು ಷೆವಿ ವಿ8" ಅಂತ ಅಷ್ಟೇ. 305 ಕೂಡ ಷೆವಿ ವಿ8ನೇ ಅಲ್ವಾ, ಏನು ವಾದ ಮಾಡ್ತೀರಿ?

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ತುಂಬಾ ಜನ ಕೇಳಿದರು. ಇಲ್ಲಿ ವಕೀಲರಿಲ್ಲದೆ ಹೋಗುವ ಸಣ್ಣ ಕ್ಲೇಮ್‌ಗೆ 7,000 ಡಾಲರ್ ಮಿತಿ. ಅದಕ್ಕಿಂತ ಜಾಸ್ತಿ ಬೇಕು ಅಂದರೆ ದೊಡ್ಡ ಕೇಸ್. ಗೆದ್ದರೂ ಖಾಲಿ ಜೇಬಿನ ಶಾಪ್‌ನಿಂದ ವಸೂಲಿ ಮಾಡೋದು ಏನನ್ನ?

ಈ ಹುಚ್ಚು ಹುಟ್ಟಿದ್ದೇ ದುಡ್ಡಿಲ್ಲದ ಹುಡುಗರ ಕೈಯಲ್ಲಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯಿಂದ ಹಳೇ ಫೋರ್ಡ್ ತಂದು, ಮಡ್ಗಾರ್ಡ್ ಕಿತ್ತು ಭಾರ ಇಳಿಸಿ, ಮುರಾಕ್‌ನ ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರು. ಈಗಲೂ ಸಾಧಾರಣ ಸಂಬಳದವರು ಇದನ್ನು ಸಾಕೋದು ಹೆಚ್ಚುಕಮ್ಮಿ ಅದೇ ದಾರಿಯಲ್ಲಿ. ನಮ್ಮ ಬೀದಿಯ ಹಿರಿಯರನ್ನೇ ನೋಡಿ. ಅವರ ಎಂಜಿನ್ ಅಪಘಾತವಾದ ಸಿಲ್ವರಾಡೊ ಟ್ರಕ್‌ನದ್ದು, 5.3 ಲೀಟರ್, ಗುಜರಿಯಲ್ಲಿ ಸಿಕ್ಕಿದ್ದು. ಬೆಸುಗೆ ಕೆಲಸ ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯಲ್ಲಿ ಕಲಿತರು. ಸೀಟು ಹೊಲಿಯುವ ಗೆಳೆಯನಿಗೆ ಬ್ರೇಕ್ ಪೈಪ್ ಎಳೆದುಕೊಟ್ಟು ತಮ್ಮ ಸೀಟು ಹೊಲಿಸಿಕೊಂಡರು. ಬೇಡದ ಬಿಡಿಭಾಗ ಸ್ವಾಪ್ ಮೀಟ್ ಅನ್ನುವ ಹಳೇ ಸಾಮಾನಿನ ಸಂತೆಯಲ್ಲಿ ಮಾರಿ ಬೇಕಾದ್ದು ತರುತ್ತಾರೆ. ಬಣ್ಣ ಇನ್ನೂ ಹೊಡೆಸಿಲ್ಲ, ಪ್ರೈಮರ್‌ನಲ್ಲೇ ಓಡಿಸುತ್ತಾರೆ. ಒಂದು ಪೈಸೆ ಸಾಲವಿಲ್ಲ.

ಶಾಪ್ ಲೆಕ್ಕ ಬೇರೆಯೇ. ಗಂಟೆಗೆ 100 ಡಾಲರ್ ಅಂದರೆ ಪರವಾಗಿಲ್ಲ ಅನ್ನಿಸುತ್ತದೆ. ಪೂರ್ತಿ ಗಾಡಿ ಕಟ್ಟೋಕೆ ಸಾವಿರ ಗಂಟೆ ಸಲೀಸಾಗಿ ಹಿಡಿಯುತ್ತದೆ. ಅಲ್ಲಿಗೇ ಒಂದು ಲಕ್ಷ ಡಾಲರ್, ಬಿಡಿಭಾಗ ಬೇರೆ. ಅಷ್ಟು ಸುರಿದು ಕಟ್ಟಿಸಿದ ಗಾಡಿ ಮಾರಲು ಹೋದರೆ ಅರ್ಧ ಬಂದರೆ ಪುಣ್ಯ. ಡೆಟ್ರಾಯಿಟ್‌ನ ಆಟೊರಾಮಾ ಕಾರು ಪ್ರದರ್ಶನದ ದೊಡ್ಡ ಪ್ರಶಸ್ತಿ ರಿಡ್ಲರ್ ಗೊತ್ತಲ್ಲ, 1964ರಿಂದ ಕೊಡುತ್ತಿರುವುದು? ಅದರ ಬಹುಮಾನ 10,000 ಡಾಲರ್. ಗೆದ್ದ ಗಾಡಿಯ ಬಣ್ಣದ ಖರ್ಚೂ ಅದರಲ್ಲಿ ಹುಟ್ಟೋಲ್ಲ. ಅದಕ್ಕೇ ಕೆಲಸ ಮಾಡೋಕೆ ಪುರುಸೊತ್ತಿಲ್ಲದವರು ಬೇರೆಯವರು ಕಟ್ಟಿ ಮುಗಿಸಿದ ಗಾಡಿ ಕೊಳ್ಳುವುದೇ ಅಗ್ಗ. ನಷ್ಟ ಅವರದು, ಓಡಿಸೋದು ನೀವು.

ಕೊಳ್ಳುವಾಗ ಟೈಟಲ್, ಅಂದರೆ ಗಾಡಿಯ ಮಾಲೀಕತ್ವದ ಕಾಗದದ ಬಗ್ಗೆ ಮಾತ್ರ ಹುಷಾರು. ಮಾಡೆಲ್ ಎ ನಂಬರ್ ಫ್ರೇಮಿನ ಎಡಗಡೆ ಮೇಲ್ಭಾಗದಲ್ಲಿ ಕೆತ್ತಿರುತ್ತದೆ, ಬಾಡಿ ಅದರ ಮೇಲೆ ಕೂತಿರುವುದರಿಂದ ಸಾಮಾನ್ಯವಾಗಿ ಕಾಣಿಸೋಲ್ಲ. ಕಾಗದದಲ್ಲಿರುವ ನಂಬರ್ ಅದಕ್ಕೆ ಹೊಂದದಿದ್ದರೆ ನೋಂದಣಿಗೆ ಅಲೆದೂ ಅಲೆದೂ ಸುಸ್ತಾಗುತ್ತೀರಿ. ಬಾಡಿ ಎತ್ತಿ ತೋರಿಸಲ್ಲ ಅಂದರೆ ಬಿಟ್ಟು ಬನ್ನಿ.

ಶಾಪ್‌ಗೇ ಕೊಡಬೇಕು ಅಂತಿದ್ದರೆ ಪೂರ್ತಿ ಗಾಡಿ ಕೊಡಬೇಡಿ. ಬಾಗಿಲು ಮಾತ್ರ ಕೊಡಿ, ಮುಗಿದ ಮೇಲೆ ನೋಡಿ ದುಡ್ಡು ಕೊಡಿ, ಮನೆಗೆ ತನ್ನಿ, ಆಮೇಲೆ ಮುಂದಿನ ಕೆಲಸ. ಬಿಡಿಭಾಗ ನೀವೇ ಕೊಂಡು ನಿಮ್ಮ ಗ್ಯಾರೇಜಲ್ಲೇ ಇಟ್ಟುಕೊಳ್ಳಿ. ಮಿಶಿಗನ್‌ನಲ್ಲಿ ಶಾಪ್‌ಗೆ ನೋಂದಣಿ ಇದೆಯಾ ಅಂತ ಸೆಕ್ರೆಟರಿ ಆಫ್ ಸ್ಟೇಟ್ (ಇಲ್ಲಿ ಗಾಡಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಕಚೇರಿ) ವೆಬ್‌ಸೈಟ್‌ನಲ್ಲಿ ನೋಡಬಹುದು, ಅದಕ್ಕೆ ದುಡ್ಡೂ ಇಲ್ಲ. ಹೇಳದೆ ಕೇಳದೆ ಒಂದು ಮಂಗಳವಾರ ಮಧ್ಯಾಹ್ನ ಹೋಗಿ ಬನ್ನಿ. ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ, ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ, ಅಷ್ಟು ನೋಡಿದರೆ ಸಾಕು.

ನಾನು ಹೇಳುತ್ತಿರುವ ಶಾಪ್ ಮುಚ್ಚಿ, ಅದೇ ಮಾಲೀಕ ಬೇರೆ ಹೆಸರಲ್ಲಿ ಬೇರೆ ಊರಲ್ಲಿ ಬೋರ್ಡ್ ಹಾಕಿದ್ದಾನೆ. ಹೆಸರು ಇಲ್ಲಿ ಬರೆಯಲ್ಲ. ಹೊಸ ಶಾಪ್ ಅಂತ ಯಾರಾದರೂ ಹೇಳಿದರೆ, ಮಾಲೀಕ ಇದಕ್ಕೆ ಮೊದಲು ಎಲ್ಲಿ ಅಂಗಡಿ ಇಟ್ಟಿದ್ದ ಅಂತ ಕೇಳಿ.