ಬಣ್ಣ ಬಳಿಯುವ ಮುಂಚೆ ಬಾಡಿ ನೋಡದೆ ಮಾಡೆಲ್ ಕಾರಿಗೆ ದುಡ್ಡು ಕೊಡಬೇಡಿ

ಬೆಂಗಳೂರಿನಲ್ಲಿ ಯಾರಾದರೂ ತಮ್ಮ ಹಳೇ ಕಾರಿನ ಸ್ಕೇಲ್ ಮಾಡೆಲ್ ಮಾಡಿಸಬೇಕು ಅಂತಿದ್ದರೆ, ಇದನ್ನು ಓದಿ ಆಮೇಲೆ ಅಡ್ವಾನ್ಸ್ ಕೊಡಿ. ನನ್ನದು ಹದಿನಾಲ್ಕು ಸಾವಿರ ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಅದು ಅಪ್ಪನ 75ನೇ ಹುಟ್ಟುಹಬ್ಬಕ್ಕೆ ಅಂತ ಮಾಡಿಸಿದ್ದು.

ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟೂಲ್ ರೂಮಿನಲ್ಲಿದ್ದವರು. 1994ರಲ್ಲಿ ಸೊಸೈಟಿಯಲ್ಲಿ ಸಾಲ ತೆಗೆದು ಬಿಳಿ ಮಾರುತಿ 800 ಕೊಂಡರು. ಕೆಎ-04 ನಂಬರ್. ವಿದ್ಯಾರಣ್ಯಪುರದ ನಮ್ಮ ರಸ್ತೆಯಲ್ಲಿ ಅದು ಮೂರನೇ ಕಾರು. ಐದು ಜನ ಕೂತು, ಮೇಲೆ ಕ್ಯಾರಿಯರ್‌ಗೆ ಹಾಸಿಗೆ ಸುತ್ತಿ ಕಟ್ಟಿ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಿ ಬಂದ ಕಾರು. ಮನೆಗೆ ಬಂದ ಮೇಲೆ ಅಪ್ಪ ಮೊದಲು ಬಾನೆಟ್ ತೆಗೆದು ರೇಡಿಯೇಟರ್ ನೀರು ನೋಡುತ್ತಿದ್ದರು, ಆಮೇಲೇ ಕಾಫಿ. 2010ರಲ್ಲಿ ಅದನ್ನು ಮಾರಿದೆವು. ಅದೇ ವರ್ಷ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್4 ನಿಯಮ ಬಂದು ಬೆಂಗಳೂರು ಸೇರಿ 13 ಊರುಗಳಲ್ಲಿ ಹೊಸ 800 ಮಾರಾಟವೂ ನಿಂತಿತ್ತು. ಕಾರು ಕೊಡುವಾಗ ಅಪ್ಪ ಬೀಗದ ಕೈ ಗೊಂಚಲಿನ ಚರ್ಮದ ತುಂಡು ಬಿಚ್ಚಿ ಇಟ್ಟುಕೊಂಡರು. ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್ ಕೂಡ ಕೊಡಲಿಲ್ಲ. ಅದು ಇವತ್ತಿಗೂ ಅವರ ಬೀರುವಿನಲ್ಲಿದೆ.

ಕಾರುಗಳ ಬಗ್ಗೆ ಮಾತು ಬಂದಾಗ 800 ಅನ್ನು ಡಬ್ಬ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟಾಗ ನಮ್ಮ ರಸ್ತೆಗಳಲ್ಲಿ ಇದ್ದಿದ್ದು ಬಹುತೇಕ ಅಂಬಾಸಿಡರ್, ಪದ್ಮಿನಿ. ಅವೆರಡರಲ್ಲೂ ಎಂಜಿನ್ ಉದ್ದಕ್ಕೆ ಕೂತಿರುತ್ತಿತ್ತು, ಹಿಂದಿನ ಚಕ್ರ ಎಳೆಯುತ್ತಿತ್ತು. 800ರಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಅಡ್ಡಕ್ಕೆ ಕೂತಿತು, ಮುಂದಿನ ಚಕ್ರ ಎಳೆಯಿತು. ಹಾಗಾಗಿ ಬಾನೆಟ್ ಗಿಡ್ಡ ಆಯಿತು, ನಾಲ್ಕು ಚಕ್ರಗಳೂ ಮೂಲೆಗೆ ಸರಿದವು. ಅಷ್ಟು ಚಿಕ್ಕ ಕಾರಿನಲ್ಲಿ ನಾವು ಐದು ಜನ ಕೂತು ಹೋಗಿದ್ದು ಅದಕ್ಕೇ. ಆ ಕಾರಿನ ಚೆಲುವೆಲ್ಲ ಚಕ್ರ ನಿಂತಿರುವ ಜಾಗದಲ್ಲಿದೆ. ದಯವಿಟ್ಟು ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಹನ್ನೆರಡು ವರ್ಷದಿಂದ 1:24 ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ, ಅಂದರೆ ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದು ಭಾಗದ ಅಳತೆಯವು. ಹೆಚ್ಚಾಗಿ ತಮಿಯಾ ಕಿಟ್‌ಗಳು. ಜಪಾನಿನ ಶಿಜುವೊಕಾದಿಂದ ಬರುವ ಆ ಡಬ್ಬಿ ತೆಗೆದರೆ ಒಂದೊಂದು ಭಾಗವೂ ಇನ್ನೊಂದಕ್ಕೆ ಟಕ್ ಅಂತ ಕೂರುತ್ತದೆ. ಆದರೆ ಅಪ್ಪನ ಕಾರಿನ ಕಿಟ್ ನನಗೆ ಎಲ್ಲೂ ಸಿಗಲಿಲ್ಲ. ಸೊನ್ನೆಯಿಂದ ಮಾಡುವ ಧೈರ್ಯ ಆಗ ಇರಲಿಲ್ಲ. ಇನ್ನೊಂದು ವಿಷಯ. 2020ರಲ್ಲಿ ಆಟಿಕೆಗಳ ಕಸ್ಟಮ್ಸ್ ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ ಹೋಯಿತು. ಆವಾಗಿನಿಂದ ನಮ್ಮಲ್ಲಿ ತುಂಬಾ ಜನ ಅಂಗಡಿ ಬಿಟ್ಟು ವಾಟ್ಸಾಪ್ ಗ್ರೂಪುಗಳಲ್ಲಿ ಕೊಳ್ಳುವುದು ಶುರು ಮಾಡಿದರು. ಪರಿಚಯ ಇಲ್ಲದವರಿಗೆ ಮುಂಗಡ ಕಳಿಸುವುದು ಅಭ್ಯಾಸವೇ ಆಗಿಹೋಯಿತು. ನನಗೂ ಅಷ್ಟೇ.

ಅಂಥ ಒಂದು ಗ್ರೂಪಿನಲ್ಲೇ ಈ ವ್ಯಕ್ತಿ ಸಿಕ್ಕಿದ್ದು. ಹೆಸರು ಹಾಕುವುದಿಲ್ಲ. 'ಯಾವ ಕಾರು ಬೇಕಾದರೂ ಕೈಯಲ್ಲೇ ಮಾಡಿಕೊಡುತ್ತೇನೆ' ಅಂತ ಫೋಟೊ ಹಾಕುತ್ತಿದ್ದರು. ಮಲ್ಲೇಶ್ವರದ ಒಂದು ದರ್ಶಿನಿಯಲ್ಲಿ ಭೇಟಿಯಾದೆವು. ಒಳ್ಳೇ ಮಾತುಗಾರ. ಅಂಬಾಸಿಡರ್, ಕಾಂಟೆಸ್ಸಾ, ಜೀಪ್ ಎಲ್ಲದರ ಫೋಟೊ ಮೊಬೈಲಿನಲ್ಲಿ ತೋರಿಸಿದರು. ನಾನು ಅಪ್ಪನ ಕಾರಿನ ಆರು ಹಳೇ ಫೋಟೊ ಕೊಟ್ಟೆ, ಮ್ಯಾನ್ಯುಯಲ್‌ನ ಅಳತೆ ಪುಟದ ಜೆರಾಕ್ಸ್ ಕೊಟ್ಟೆ. 1:24ರಲ್ಲೇ ಬೇಕು, ಕೆಎ-04 ನಂಬರ್ ಪ್ಲೇಟ್ ಇರಬೇಕು, ಕ್ಯಾರಿಯರ್ ಇರಬೇಕು ಅಂದೆ. ಒಟ್ಟು ಹದಿನಾಲ್ಕು ಸಾವಿರ. ಹತ್ತು ಸಾವಿರ ಅಲ್ಲೇ ಕಳಿಸಿದೆ, ಉಳಿದಿದ್ದು ಕೈಗೆ ಬಂದಾಗ. ಬಿಲ್ ಕೇಳಲಿಲ್ಲ.

ಅವರು ತೋರಿಸಿದ ಫೋಟೊಗಳನ್ನು ಈಗ ನೆನೆದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಲ್ಲವೂ ಮುಂದಿನ ಮೂಲೆಯಿಂದ ತೆಗೆದವು. ಪಕ್ಕದಿಂದ ನೇರವಾಗಿ ತೆಗೆದಿದ್ದು ಒಂದೂ ಇರಲಿಲ್ಲ.

ಎರಡು ತಿಂಗಳು ಅಂದಿದ್ದು ನಾಲ್ಕಾಯಿತು. ಜುಲೈನಲ್ಲಿ ಫೋನ್ ಮಾಡಿದರೆ 'ಮಳೆ ಸಾರ್, ಬಣ್ಣ ಬೆಳ್ಳಗೆ ಮಬ್ಬಾಗುತ್ತಿದೆ' ಅಂದರು. ನಾನು ನಂಬಿದೆ, ಯಾಕೆಂದರೆ ಅದು ನಿಜವಾಗಿಯೂ ಆಗುತ್ತದೆ. ಲ್ಯಾಕರ್ ಬಣ್ಣದ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಹೊಗೆ ಹಿಡಿದ ಹಾಗೆ ಬಿಳಿಚಿಕೊಳ್ಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ನಾನೂ ಎಷ್ಟೋ ವಾರ ಏರ್‌ಬ್ರಶ್ ಮುಟ್ಟುವುದಿಲ್ಲ. ಸರಿ, ಹಾಗಾದರೆ ಬಣ್ಣಕ್ಕೆ ಮುಂಚಿನ ಬಾಡಿ ಫೋಟೊ ಕಳಿಸಿ ಅಂದೆ. ಕಳಿಸುತ್ತೇನೆ ಅಂದರು, ಕಳಿಸಲಿಲ್ಲ. ಇನ್ನೊಂದು ಸಲ ಕೇಳಿದಾಗ ಬಿಳಿ ಬಣ್ಣ ಬಳಿದಾಗಿದ್ದ ಕಾರಿನ ಫೋಟೊ ಬಂತು. ಅದೂ ಮುಂದಿನ ಮೂಲೆಯಿಂದಲೇ. ನಾನು ಅಲ್ಲೇ ಕೆಲಸ ನಿಲ್ಲಿಸಿ ಹೋಗಿ ನೋಡಬೇಕಿತ್ತು.

ಹುಟ್ಟುಹಬ್ಬದ ಹಿಂದಿನ ಸಂಜೆ ಡಬ್ಬಿ ಕೈಗೆ ಬಂತು. ಉಳಿದ ನಾಲ್ಕು ಸಾವಿರ ಕೊಟ್ಟೆ. ಗಿಫ್ಟ್ ಪ್ಯಾಕ್ ಆಗಿತ್ತು, ಬಿಚ್ಚಿ ನೋಡಲಿಲ್ಲ.

ಮಾರನೇ ದಿನ ಊಟಕ್ಕೆ ಮುಂಚೆ ಅಪ್ಪ ಡಬ್ಬಿ ತೆಗೆದರು. ತೆಗೆದ ಕೂಡಲೇ ಥಿನ್ನರ್ ವಾಸನೆ ಹಾಲಿಗೆಲ್ಲ ಹಬ್ಬಿತು. ನಂಬರ್ ಪ್ಲೇಟ್ ನೋಡಿ ಅಪ್ಪನ ಮುಖ ಅರಳಿತು. ಕಾರನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣಿನ ಮಟ್ಟಕ್ಕೆ ಎತ್ತಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು.

"ಹಿಂದಿನ ಚಕ್ರ ಯಾಕೋ ಮುಂದಕ್ಕೆ ಬಂದಿದೆಯಲ್ಲೋ" ಅಂದರು.

"ಇಲ್ಲಪ್ಪ, ಅಳತೆ ಕೊಟ್ಟಿದ್ದೆ" ಅಂದೆ.

"ನನ್ನ ವರ್ನಿಯರ್ ತಗೊಂಡು ಬಾ."

"ಹುಟ್ಟುಹಬ್ಬದ ದಿನ ಅಳತೆ ಯಾಕ್ರೀ, ಪಾಯಸ ಆರುತ್ತೆ" ಅಂತ ಅಮ್ಮ ಒಳಗಿನಿಂದ ಕೂಗಿದರು. ಅಪ್ಪ ಆಗಲೇ ಕನ್ನಡಕ ಬದಲಾಯಿಸಿದ್ದರು.

ಮ್ಯಾನ್ಯುಯಲ್ ತೆಗೆದು, ಕ್ಯಾಲೆಂಡರ್ ಹಾಳೆಯ ಹಿಂದೆ ಲೆಕ್ಕ ಬರೆದರು. 800ರ ಉದ್ದ 3335 ಎಂಎಂ, 24ರಿಂದ ಭಾಗಿಸಿದರೆ 139. ಮಾಡೆಲ್ ಸರಿಯಾಗಿ 139 ಇತ್ತು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2175 ಎಂಎಂ, ಅಂದರೆ ಮಾಡೆಲ್‌ನಲ್ಲಿ 90.6 ಇರಬೇಕು. ವರ್ನಿಯರ್ 82 ತೋರಿಸಿತು. ರಿಮ್ 12 ಇಂಚಿನದು, 12.7 ಎಂಎಂ ಬರಬೇಕು. ಬಂದಿದ್ದು 16. ಅಷ್ಟು ದೊಡ್ಡ ರಿಮ್ ಅಂದರೆ ನಿಜವಾದ ಕಾರಿಗೆ 15 ಇಂಚಿನ ಚಕ್ರ ಹಾಕಿದ ಹಾಗೆ. ಅಪ್ಪ ಪೆನ್ಸಿಲ್ ಕೆಳಗಿಟ್ಟರು. ಏನೂ ಅನ್ನಲಿಲ್ಲ. "ನಂಬರ್ ಚೆನ್ನಾಗಿ ಬರೆದಿದ್ದಾನೆ" ಅಂದು ಊಟಕ್ಕೆ ಎದ್ದರು.

ರಾತ್ರಿ ನಾನು ಅಡಿಭಾಗ ಬಿಚ್ಚಿದೆ. ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಅದನ್ನು ಎಬ್ಬಿಸಿದರೆ ಒಳಗೆ ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಆಟಿಕೆ ಕಾರಿನ ಮೋಟಾರ್ ಕೂರುವ ಖಾಲಿ ಗೂಡು. ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಯಿತು. ಅಂಗಡಿಯ ಆಟಿಕೆ ಕಾರು ತಂದು, ಮುಂದೆ ಹಿಂದೆ ಬಂಪರ್ ಹತ್ತಿರ ಪುಟ್ಟಿ ತುಂಬಿ ಉದ್ದ 139ಕ್ಕೆ ಎಳೆದಿದ್ದಾರೆ. ಚಕ್ರದ ಜಾಗ ಬದಲಾಯಿಸಬೇಕು ಅಂದರೆ ಬಾಡಿ ಕೊಯ್ಯಬೇಕು, ಅದು ಕಷ್ಟದ ಕೆಲಸ. ಹಾಗಾಗಿ ಅದನ್ನು ಮುಟ್ಟಿಲ್ಲ. ಪುಟ್ಟಿಯೂ ಗ್ಯಾರೇಜಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ. ತಗಡಿನ ಮೇಲೆ ಸಣ್ಣ ಗೀರು ಮುಚ್ಚಲು ತೆಳುವಾಗಿ ಎಳೆಯುವಂಥದ್ದು. ದಪ್ಪ ತುಂಬಿದರೆ ಒಣಗುತ್ತಾ ಕುಗ್ಗುತ್ತದೆ, ಸೀಳುತ್ತದೆ. ಮೂರನೇ ವಾರಕ್ಕೆ ಬಂಪರ್ ಮೇಲೆ ಕೂದಲೆಳೆಯಂಥ ಬಿರುಕು ಬಂತು. ಈಗ ಹಿಂದಿನ ತುದಿ ಬೆರಳು ತಾಗಿದರೆ ಅಲ್ಲಾಡುತ್ತದೆ.

ಬಣ್ಣದ ಕಥೆಯೂ ಅದೇ. ಜೆ.ಸಿ. ರಸ್ತೆಯಲ್ಲಿ ಲೀಟರ್ ಲೆಕ್ಕದಲ್ಲಿ ಸಿಗುವ ಎನ್‌ಸಿ ಥಿನ್ನರ್ ತಗಡಿನ ಕಾರಿಗೆ ಸರಿ. ಪ್ಲಾಸ್ಟಿಕ್ ಮೇಲೆ ಅದು ಬಿದ್ದರೆ ಪ್ಲಾಸ್ಟಿಕ್ ಮೆತ್ತಗಾಗಿ ಕರಗುತ್ತದೆ. ಟಾಪಿನ ಮೇಲೆ ಜೇಡರ ಬಲೆಯಂಥ ಗೆರೆಗಳು ಎದ್ದಿದ್ದವು. ಅದನ್ನು ಮುಚ್ಚಲು ಇನ್ನಷ್ಟು ಬಣ್ಣ ಬಳಿದಿದ್ದಾರೆ. ಹಾಗಾಗಿ ಬಾಗಿಲಿನ ಗೆರೆಯೇ ಮುಚ್ಚಿಹೋಗಿದೆ. 1:24ರಲ್ಲಿ 0.2 ಎಂಎಂ ದಪ್ಪ ಬಣ್ಣ ಅಂದರೆ ನಿಜವಾದ ಕಾರಿನ ಮೇಲೆ 4.8 ಎಂಎಂ ಬಳಿದ ಹಾಗೆ. ಬಾಗಿಲಿನ ಸಂದಿಯೇ ಹೆಚ್ಚುಕಮ್ಮಿ ಅಷ್ಟಿರುತ್ತದೆ, ಇನ್ನೆಲ್ಲಿ ಉಳಿಯುತ್ತದೆ?

ಫೋನ್ ಮಾಡಿದೆ. ಮೊದಲು 'ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ ಸಾರ್, ಕೈಕೆಲಸ ಅಲ್ವಾ' ಅಂದರು. 8.6 ಎಂಎಂ ಅಂದರೆ ನಿಜವಾದ ಕಾರಿನಲ್ಲಿ 20 ಸೆಂಟಿಮೀಟರ್‌ಗಿಂತ ಜಾಸ್ತಿ ಅಂತ ಲೆಕ್ಕ ಹೇಳಿದೆ. ಅರ್ಧ ದುಡ್ಡು ವಾಪಸ್ ಕೊಡುತ್ತೇನೆ ಅಂದರು. ಆಮೇಲೆ ನಂಬರ್ ಬ್ಲಾಕ್. ಗ್ರೂಪಿನಲ್ಲಿ ಕೇಳಿದಾಗ ಇನ್ನಿಬ್ಬರು ತಮಗೂ ಹೀಗೇ ಆಗಿದೆ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿದರು. ಮುಂಚೆಯೇ ಅವರು ಹೇಳಿದ್ದರೆ ನಾನು ಉಳಿಯುತ್ತಿದ್ದೆ. ಅದಕ್ಕೇ ನಾನು ಸುಮ್ನೆ ಇರದೆ ಇಷ್ಟು ಉದ್ದ ಬರೆಯುತ್ತಿರುವುದು. ದುಡ್ಡು ಕಳಿಸಿದ ಮೇಲೆ ವಸ್ತುವೂ ಬರದೆ ಮನುಷ್ಯನೂ ನಾಪತ್ತೆಯಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವಸ್ತು ಬಂದು ಅದು ಕಳಪೆಯಾಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಏನು ಒಪ್ಪಿಕೊಂಡಿದ್ದೆವು ಅನ್ನುವುದಕ್ಕೆ ಕಾಗದ ಬೇಕು. ನನ್ನ ಹತ್ತಿರ ಯುಪಿಐ ಮೆಸೇಜ್ ಬಿಟ್ಟು ಏನೂ ಇರಲಿಲ್ಲ. ಬಾಯಿಮಾತಲ್ಲಿ ಹೇಳಿದ ಸ್ಕೇಲ್, ಅಳತೆ, ಬಣ್ಣ ಎಲ್ಲವನ್ನೂ ಅವರಿಂದ ಒಂದು ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ.

ನೆಂಟರು ಯಾರಾದರೂ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ. ಜೇಬಿನಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತೇನೆ. ಬಾಗಿಲು, ಫೆಂಡರ್ ಮೇಲೆ ಮೆಲ್ಲಗೆ ಇಡುತ್ತೇನೆ. ಕೆಳಗೆ ಪುಟ್ಟಿ ದಪ್ಪ ಇದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ, ಜಾರಿ ಬೀಳುತ್ತದೆ. ಟಿಂಕರಿಂಗ್ ಆದ ಕಾರಿನ ಹೊಳಪು ನೋಡಿ ನಾನು ಯಾವತ್ತೂ ಮೋಸ ಹೋಗಿಲ್ಲ. ಪ್ಲಾಸ್ಟಿಕ್ ಕಾರಿಗೆ ಅಯಸ್ಕಾಂತ ಇಲ್ಲ, ಆದರೆ ಅದಕ್ಕೆ ಸಮನಾದ ಒಂದು ಪರೀಕ್ಷೆ ಇದೆ. ಪಕ್ಕದಿಂದ ನೇರವಾಗಿ, ಸ್ವಲ್ಪ ದೂರ ನಿಂತು ಜೂಮ್ ಮಾಡಿ ತೆಗೆದ ಫೋಟೊ ಕೇಳಿ. ಮೊಬೈಲ್ ಪರದೆಯ ಮೇಲೆ ಮಕ್ಕಳ ಸ್ಕೇಲ್ ಇಟ್ಟು ಎರಡು ಚಕ್ರಗಳ ನಡುವಿನ ದೂರ ಅಳೆಯಿರಿ, ಕಾರಿನ ಪೂರ್ತಿ ಉದ್ದದಿಂದ ಅದನ್ನು ಭಾಗಿಸಿ. ಸ್ಕೇಲ್ ಯಾವುದೇ ಇರಲಿ, 1:18 ಇರಲಿ, 1:43 ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. 800ಕ್ಕೆ 0.65 ಬರಬೇಕು. ಅಂಬಾಸಿಡರ್‌ಗೆ 0.57, ಅದರ ಬಾಲ ಉದ್ದ. ನನಗೆ ಕೊಟ್ಟಿದ್ದರಲ್ಲಿ 0.59 ಬಂತು. ಮುಖ 800ರದು, ನಿಂತಿರುವ ರೀತಿ ಅಂಬಾಸಿಡರ್‌ನದು. ಅಪ್ಪನ ಕಣ್ಣಿಗೆ ಮೊದಲು ಬಿದ್ದಿದ್ದು ಅದೇ. ಪಕ್ಕದ ಫೋಟೊ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಟ್ಟುಬಿಡಿ.

ಅಡ್ವಾನ್ಸ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಎರಡನೇ ಕಂತು ಬೂದು ಪ್ರೈಮರ್ ಹೊಡೆದ ಬಾಡಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ. ಬೂದು ಬಣ್ಣದಲ್ಲಿ ಏನೂ ಬಚ್ಚಿಡಲು ಆಗುವುದಿಲ್ಲ. ಉಜ್ಜಿದ ಗೀರು, ಪುಟ್ಟಿಯ ಉಬ್ಬು ಎಲ್ಲ ಕಾಣುತ್ತದೆ. ನಿಜವಾಗಿ ಕೆಲಸ ಬಲ್ಲವರು ಈ ಹಂತ ತೋರಿಸಲು ಖುಷಿಪಡುತ್ತಾರೆ. ಅವರ ಶ್ರಮ ಎಲ್ಲ ಇರುವುದು ಅಲ್ಲೇ ಅಲ್ವಾ. ಅಂಥವರು ನಮ್ಮ ಊರಿನಲ್ಲೇ ಇದ್ದಾರೆ, ಅವರು ಕೇಳಿದ ದುಡ್ಡಿಗೆ ಚೌಕಾಸಿ ಮಾಡಬೇಡಿ.

ಈಗ ಅಪ್ಪನೂ ನಾನೂ ಸೇರಿ ಒಂದು ಎಂಎಂ ಪ್ಲಾಸ್ಟಿಕ್ ಹಾಳೆಯಲ್ಲಿ 800 ಶುರು ಮಾಡಿದ್ದೇವೆ. ಅಪ್ಪ ಸ್ಕ್ರೈಬರ್‌ನಲ್ಲಿ 90.6ರ ಗೆರೆ ಎಳೆದಾಗಿದೆ. ಪಕ್ಕದ ಎರಡು ಹಲಗೆ ಕೊಯ್ದಿದ್ದೇವೆ, ಟಾಪಿನ ಬಾಗು ಇನ್ನೂ ಕೂರುತ್ತಿಲ್ಲ. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ತೊಂಬತ್ತರ ದಶಕದ 800 ಇದ್ದರೆ, ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಅಳತೆ ತೆಗೆಯಲು ಬಿಟ್ಟರೆ ದೊಡ್ಡ ಉಪಕಾರ. ಟಾಪ್, ಡ್ಯಾಶ್‌ಬೋರ್ಡ್, ಹಿಂದಿನ ಗಾಜಿನ ಓರೆ, ಇಷ್ಟೇ ಬೇಕಾಗಿರುವುದು. ಅಪ್ಪನೂ ಜೊತೆಗೆ ಬರುತ್ತಾರೆ, ವರ್ನಿಯರ್ ಅವರೇ ತರುತ್ತಾರೆ.