ಎರಡು ಆರ್‌ಟಿಎಕ್ಸ್ 3090 ಕಾರ್ಡುಗಳ ರೆಂಡರಿಂಗ್ ಕಂಪ್ಯೂಟರ್: ಬಳಸಿ ನೋಡಿದ ಮೇಲೆ

ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ದೃಶ್ಯವನ್ನು ಚಿತ್ರವಾಗಿಸುವ (ರೆಂಡರ್ ಮಾಡುವ) ಭಾಗವಾದ ಸೈಕಲ್ಸ್‌ನಲ್ಲಿ ಕಟ್ಟಡಗಳ ಒಳಾಂಗಣದ ಅನಿಮೇಶನ್ ಮಾಡುವ ನನ್ನಂಥವರಿಗೆ ಎನ್‌ವಿಡಿಯಾದ ಎರಡು ಆರ್‌ಟಿಎಕ್ಸ್ 3090 ಗ್ರಾಫಿಕ್ಸ್ ಕಾರ್ಡುಗಳಿರುವ ಕಂಪ್ಯೂಟರ್ ಇಂದಿಗೂ ಕೊಟ್ಟ ಹಣಕ್ಕೆ ಮೋಸವಿಲ್ಲದ ಯಂತ್ರವೆಂದೇ ಹೇಳುತ್ತೇನೆ. 2020ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಕಾರ್ಡಿನ 24 ಜಿಬಿ ಮೆಮೊರಿಯಲ್ಲಿ ಗಿಡಮರ, ಪರದೆ, ಪೀಠೋಪಕರಣಗಳಿಂದ ತುಂಬಿದ ದೃಶ್ಯಗಳೂ ಸಲೀಸಾಗಿ ಹಿಡಿಸುತ್ತವೆ. ಆದರೆ ಎರಡು ಕಾರ್ಡುಗಳಿಂದ ಎರಡರಷ್ಟು ವೇಗ ಸಿಗುತ್ತದೆಂದು ನಂಬಿ ಕೊಂಡವರಿಗೆ ಆ ವೇಗ ಮೊದಲ ಕೆಲವು ನಿಮಿಷ ಮಾತ್ರ ಸಿಕ್ಕಿ, ಆಮೇಲೆ ಕುಸಿಯುವುದುಂಟು. ಅಂಗಡಿಯೊಂದರಲ್ಲಿ ಜೋಡಿಸಿ ತರಿಸಿಕೊಂಡ ನನ್ನ ಯಂತ್ರದಲ್ಲಿಯೂ ಹಾಗೆಯೇ ಆಯಿತು.

ಒಂದು ಸ್ಥಿರಚಿತ್ರವನ್ನು ರೆಂಡರ್ ಮಾಡಿದರೆ ಈ ದೋಷ ಕಾಣುವುದೇ ಇಲ್ಲ. ರಾತ್ರಿಯಿಡೀ ಓಡುವ ಅನಿಮೇಶನ್‌ನಲ್ಲಿ ಮಾತ್ರ ಫ್ರೇಮಿನಿಂದ ಫ್ರೇಮಿಗೆ ಸಮಯ ಏರುತ್ತಾ ಹೋಗುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಅದು ಮೊದಲಿಗೆ ತೋರಿಸುವ ನಕ್ಷೆಗಳಲ್ಲಿ ರೆಂಡರಿಂಗ್‌ಗೆ ಬಳಕೆಯಾಗುವ ಕ್ಯೂಡಾ (CUDA) ಲೆಕ್ಕಾಚಾರದ ಹೊರೆ ಇರುವುದಿಲ್ಲವಾದ್ದರಿಂದ ಪೂರ್ಣ ದುಡಿಯುತ್ತಿರುವ ಕಾರ್ಡೂ ಸುಮ್ಮನೆ ಕುಳಿತಂತೆ ಕಾಣುತ್ತದೆ. ಕಾರ್ಡಿನ ಸ್ಥಿತಿಗತಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ಅಥವಾ ಜಿಪಿಯು-ಝಡ್ ತಂತ್ರಾಂಶ ತೆರೆದಿಟ್ಟು ಎರಡೂ ಕಾರ್ಡುಗಳ ಕ್ಲಾಕ್ ವೇಗವನ್ನೂ ಮೆಮೊರಿಯ ತಾಪಮಾನವನ್ನೂ ಅಕ್ಕಪಕ್ಕದಲ್ಲಿ ಗಮನಿಸಿದಾಗಲೇ ಮೇಲಿನ ಕಾರ್ಡು ಸೋಲುತ್ತಿರುವುದು ತಿಳಿಯಿತು.

ಕಾರಣವಿರುವುದು ಕಾರ್ಡಿನ ರಚನೆಯಲ್ಲಿ. 24 ಮೆಮೊರಿ ಚಿಪ್ಪುಗಳಲ್ಲಿ 12 ಮುಂಬದಿಯಲ್ಲಿದ್ದರೆ ಉಳಿದ 12 ಬೋರ್ಡಿನ ಬೆನ್ನಿಗಿವೆ. ಬೆನ್ನಿನ ಚಿಪ್ಪುಗಳ ಶಾಖ ಸಾಮಾನ್ಯವಾಗಿ ಹಿಂಬದಿಯ ಲೋಹದ ಹಲಗೆಯ ಮೂಲಕವೇ ಹೊರಹೋಗಬೇಕು. ಟವರ್ ಪೆಟ್ಟಿಗೆಯಲ್ಲಿ ಮೇಲಿನ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿದ್ದು, ಕೆಳಗಿನ ಕಾರ್ಡಿನ ಕಾದ ಬೆನ್ನ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಪ್ರತಿ ಕಾರ್ಡು 350 ವ್ಯಾಟ್ ಬಳಸುವಾಗ, ನಡುವೆ ಬೆರಳು ತೂರುವಷ್ಟೇ ಜಾಗವಿದ್ದರೆ ಮೇಲಿನದು ತಣ್ಣಗಿರುವುದು ಅಸಾಧ್ಯ. ಕೋರ್ (ಮುಖ್ಯ ಚಿಪ್ಪು) ತಾಪಮಾನ ಆತಂಕವಿಲ್ಲದ ಮಟ್ಟದಲ್ಲಿದ್ದರೂ ಮೆಮೊರಿ 110 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕಾರ್ಡು ತನ್ನ ರಕ್ಷಣೆಗಾಗಿ ವೇಗವನ್ನು ಇಳಿಸಿಕೊಳ್ಳುತ್ತದೆ. ಕೋರ್ ತಾಪಮಾನವನ್ನಷ್ಟೇ ನೋಡಿ ಎಲ್ಲವೂ ಸರಿಯಿದೆ ಎನ್ನುವ ಜೋಡಣೆಗಾರರ ಮಾತನ್ನು ಒಪ್ಪಬಾರದು.

ದೋಷ ಕಾರ್ಡಿನದೋ ಜಾಗದ್ದೋ ಎಂದು ತಿಳಿಯಲು ಎರಡೂ ಕಾರ್ಡುಗಳನ್ನು ಅದಲುಬದಲು ಮಾಡುವುದೇ ನೇರವಾದ ಪರೀಕ್ಷೆ. ನಿಧಾನಗತಿ ಕಾರ್ಡಿನೊಂದಿಗೇ ಹೋದರೆ ಅದರ ಚಿಪ್ಪುಗಳ ಶಾಖ ಸಾಗಿಸುವ ಥರ್ಮಲ್ ಪ್ಯಾಡುಗಳನ್ನು ಸಂಶಯಿಸಬೇಕು. ಸ್ಲಾಟಿನಲ್ಲೇ (ಕಾರ್ಡು ಕೂರುವ ಜಾಗದಲ್ಲೇ) ಉಳಿದರೆ ಗಾಳಿಯ ದಾರಿಯನ್ನು ಸರಿಪಡಿಸಬೇಕು. ನನ್ನಲ್ಲಿ ಅದು ಸ್ಲಾಟಿನಲ್ಲೇ ಉಳಿಯಿತು. ಕೆಳಗಿನ ಕಾರ್ಡನ್ನು ಇನ್ನೂ ಕೆಳಗಿನ ಸ್ಲಾಟಿಗೆ ಇಳಿಸಿದಾಗ ಮೇಲಿನದು ಉಸಿರಾಡತೊಡಗಿತು. ಸಾಮಾನ್ಯ ಮದರ್‌ಬೋರ್ಡುಗಳ ಆ ಸ್ಲಾಟಿಗೆ ಹೆಚ್ಚೆಂದರೆ ನಾಲ್ಕು ಪಿಸಿಐಇ ಲೇನುಗಳು (ಮಾಹಿತಿ ಸಾಗುವ ದಾರಿಗಳು) ಇರುತ್ತವೆ ಎಂಬ ಆಕ್ಷೇಪ ನಿಜವಾದರೂ, ದೃಶ್ಯವು ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವವರೆಗೆ ಆ ನಷ್ಟ ಮುಖ್ಯವಾಗಿ ದೃಶ್ಯ ತುಂಬಿಸಿಕೊಳ್ಳುವ ಹೊತ್ತಿಗೆ ಸೀಮಿತ. ಮೆಮೊರಿ ಸಾಲದೆ ಕಂಪ್ಯೂಟರಿನ ರ‍್ಯಾಮಿಗೆ ಕೈಚಾಚುವ ದೃಶ್ಯಗಳಲ್ಲಿ ಮಾತ್ರ ಅದು ದುಬಾರಿಯಾಗುತ್ತದೆ.

ಇದರ ಜೊತೆಗೆ ಎನ್‌ವಿಡಿಯಾ ಡ್ರೈವರಿನೊಂದಿಗೆ ಬರುವ ಎನ್‌ವಿಡಿಯಾ-ಎಸ್‌ಎಂಐ ಆದೇಶದಿಂದ ಪ್ರತಿ ಕಾರ್ಡಿನ ವಿದ್ಯುತ್ ಮಿತಿಯನ್ನು 280 ವ್ಯಾಟಿಗೆ ಇಳಿಸಿದ್ದೇನೆ. ವಿದ್ಯುತ್ತಿನಲ್ಲಿ ಐದನೇ ಒಂದು ಭಾಗ ಉಳಿದರೂ ವೇಗ ಅದಕ್ಕಿಂತ ಬಹಳ ಕಡಿಮೆ ಇಳಿಯುತ್ತದೆ, ಬೇಸಿಗೆಯಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ದುಡಿಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಎರಡು ಕಾರ್ಡುಗಳನ್ನು ನೇರವಾಗಿ ಬೆಸೆಯುವ ಎನ್‌ವಿಲಿಂಕ್ ಸೇತುವೆಯನ್ನು ಅವಸರದಿಂದ ಕೊಳ್ಳಬೇಕಾಗಿಲ್ಲ. ಅದಿಲ್ಲದಿದ್ದರೆ ಎರಡು 24 ಜಿಬಿ ಸೇರಿ 48 ಆಗುವುದಿಲ್ಲವೆಂಬುದು ನಿಜ, ಆದರೆ ಅದರ ಉಪಯೋಗವಿರುವುದು ದೊಡ್ಡ ದೃಶ್ಯಗಳಿಗೆ ಮೆಮೊರಿ ಒದಗಿಸುವುದರಲ್ಲಿಯೇ ಹೊರತು ವೇಗದಲ್ಲಲ್ಲ. ಮೇಲಾಗಿ ಅದು ಕಾರ್ಡುಗಳ ನಡುವಿನ ಅಂತರವನ್ನು ತನ್ನ ಅಳತೆಗೆ ಕಟ್ಟಿಹಾಕುತ್ತದೆ.

ಅನಿಮೇಶನ್‌ಗಾಗಿ ಬ್ಲೆಂಡರನ್ನು ಎರಡು ಸಲ ತೆರೆದು, ಒಂದೊಂದಕ್ಕೆ ಒಂದೊಂದು ಕಾರ್ಡು ಕೊಟ್ಟು, ಓವರ್‌ರೈಟ್ (ಈಗಾಗಲೇ ಇರುವ ಫ್ರೇಮನ್ನು ಮತ್ತೆ ಬರೆಯುವುದು) ತೆಗೆದು ಪ್ಲೇಸ್‌ಹೋಲ್ಡರ್ಸ್ (ಕೈಗೆತ್ತಿಕೊಂಡ ಫ್ರೇಮಿಗೆ ಗುರುತು ಹಾಕುವುದು) ಆಯ್ಕೆ ಹಾಕುವ ಕ್ರಮವನ್ನೇ ಈಗ ಅನುಸರಿಸುತ್ತಿದ್ದೇನೆ. ಆಗ ಎರಡೂ ಕಾರ್ಡುಗಳು ತಮ್ಮ ತಮ್ಮ ಫ್ರೇಮುಗಳನ್ನು ಬೇರೆಬೇರೆಯಾಗಿ ಮುಗಿಸುವುದರಿಂದ ಒಂದು ನಿಧಾನವಾದರೂ ಇನ್ನೊಂದು ಕಾಯುವುದಿಲ್ಲ. ಇದಕ್ಕೆ ರ‍್ಯಾಮ್ ಹೆಚ್ಚು ಬೇಕು.

ಇಂಥ ಯಂತ್ರವನ್ನು ಜೋಡಿಸಿಕೊಳ್ಳುವವರು ಪವರ್ ಸಪ್ಲೈನಿಂದ ಕಾರ್ಡಿನ ಪ್ರತಿ ಸಾಕೆಟ್ಟಿಗೂ ಪ್ರತ್ಯೇಕ ಕೇಬಲ್ ಕೇಳಬೇಕು, ಮತ್ತು ಹಣ ಕೊಡುವ ಮೊದಲು ಎರಡೂ ಕಾರ್ಡುಗಳ ಮೇಲೆ ಒಟ್ಟಿಗೆ ಕನಿಷ್ಠ ಒಂದು ಗಂಟೆ ರೆಂಡರ್ ಓಡಿಸಿ ಮೆಮೊರಿ ತಾಪಮಾನವನ್ನು ತೋರಿಸಲು ಹೇಳಬೇಕು. ನನಗೆ ಯಂತ್ರ ಕೊಟ್ಟ ಅಂಗಡಿಯವರು ಒಂದೊಂದೇ ಕಾರ್ಡನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದ್ದರು. ಅವರ ಸೇವೆಗೆ ಐದರಲ್ಲಿ ಎರಡು ಅಂಕ, ಸರಿಪಡಿಸಿದ ನಂತರದ ಯಂತ್ರಕ್ಕೆ ನಾಲ್ಕು. ಸ್ಥಿರಚಿತ್ರಗಳನ್ನಷ್ಟೇ ಮಾಡುವವರಿಗೆ ಒಂದೇ ಕಾರ್ಡು ಸಾಕು.