ಫೈರ್‌ಬಾಲ್ ಇಳಿಸೋದಾ, ಕಾಳಗ ಹೆಚ್ಚಿಸೋದಾ?

ತೀರ್ಥಹಳ್ಳಿಯಿಂದ ತಮ್ಮ ಕೇಳಿದ್ದಾನೆ: "ಅಣ್ಣಾ, ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ (ದಾಳ ಹಾಕಿ ಪಾತ್ರ ವಹಿಸಿ ಆಡೋ ಆಟ) ವಿಝರ್ಡ್, ಅಂದ್ರೆ ಮಂತ್ರವಾದಿ, ಒಬ್ಬನೇ ಎಲ್ಲರನ್ನೂ ಮುಗಿಸ್ತಾನೆ. ಏನು ಮಾಡ್ಲಿ?"

ಮೊದಲು ಲೆಕ್ಕ ನೋಡು. ಐದನೇ ಆವೃತ್ತಿಯ 5ನೇ ಲೆವೆಲ್‌ನಲ್ಲಿ ವಿಝರ್ಡ್‌ನ ಬೆಂಕಿಯುಂಡೆ ಮಂತ್ರ ಫೈರ್‌ಬಾಲ್‌ಗೆ ಆರು ಮುಖದ ದಾಳ 8, ಸರಾಸರಿ ಹಾನಿ 28. ಅದೂ 20 ಅಡಿ ತ್ರಿಜ್ಯದೊಳಗಿನ ಎಲ್ಲರಿಗೂ. ಸೇವ್, ಅಂದರೆ ತಪ್ಪಿಸಿಕೊಳ್ಳಲು ಹಾಕುವ ದಾಳ, ಗೆದ್ದವರಿಗೆ ಅರ್ಧ. ಅದೇ ಲೆವೆಲ್‌ನ ಫೈಟರ್ (ಯೋಧ) ಗ್ರೇಟ್‌ಸೋರ್ಡ್ ಅನ್ನೋ ದೊಡ್ಡ ಕತ್ತಿ ಹಿಡಿದು, ಪ್ರತಿ ಏಟಿಗೂ ಸ್ಟ್ರೆಂತ್‌ನ (ಬಲದ) +4 ಇದ್ದು, ಎರಡೂ ಏಟು ತಗುಲಿಸಿದರೆ ಸರಾಸರಿ 22. ಒಬ್ಬನೇ ಶತ್ರು ಇದ್ದರೆ ಅಂಥ ದೊಡ್ಡ ವ್ಯತ್ಯಾಸವಿಲ್ಲ. ಗುಂಪು ಬಂದಾಗಲೇ ಅಜಗಜಾಂತರ. ಆದರೆ ಫೈರ್‌ಬಾಲ್‌ಗೆ ಬೇಕಾದ ಮೂರನೇ ಹಂತದ ಸ್ಲಾಟ್, ಅಂದರೆ ಮಂತ್ರ ಹಾಕುವ ಅವಕಾಶ, ವಿಝರ್ಡ್‌ಗೆ ಎರಡೇ. ಕತ್ತಿ ಖಾಲಿ ಆಗಲ್ಲ, ಅಲ್ವಾ?

ಹಾಗಾಗಿ ಮಳೆಗಾಲದ ಭಾನುವಾರ ಇಡೀ ದಿನ ಕೂತು ಆಡುವವರಾದರೆ ಕಾಳಗ ಹೆಚ್ಚಿಸು. ನಿಯಮ ಮುಟ್ಟೋದೇ ಬೇಡ. ಸಂಜೆ ಎರಡೇ ಗಂಟೆ ಸಿಗುತ್ತದೆ, ಒಂದೇ ಕಾಳಗ ಆಗುತ್ತದೆ ಅಂದರೆ ಫೈರ್‌ಬಾಲ್‌ನ ದಾಳ 8ರಿಂದ 6ಕ್ಕೆ ಇಳಿಸುವುದು ಸುಲಭ. ಸರಾಸರಿ 21 ಆಗುತ್ತದೆ. ಆದರೆ ವಿಝರ್ಡ್ ಆಡುವವನನ್ನು ಮೊದಲೇ ಕೇಳು. ನಡುವೆ ಸುಮ್ನೆ ಕಿತ್ತುಕೊಂಡರೆ ಅವನಿಗೆ ನಿಜವಾಗಿ ಬೇಜಾರಾಗುತ್ತದೆ.

ಎರಡೂ ಬೇಡವೆಂದರೆ ಶತ್ರುಗಳನ್ನು ಒಂದೇ ಕಡೆ ಗುಂಪು ಮಾಡಬೇಡ. ಅಡಿಕೆ ತೋಟದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಅಡಗಿರಲಿ.